ಒಂದೇ ಸಾಲು

ಬಾರ್ನ್‌ಸ್ಲಿಯ ಪಾರಿವಾಳ ಸಂಘದ ಕಾರ್ಯದರ್ಶಿ
ಕ್ಲಿಫರ್ಡ್ ಅಟ್ಲಿ ಫೋನು ಮಾಡಿದ್ದು ಭಾನುವಾರ, ಎಂಟೂಕಾಲಿಗೆ.
‘ಪ್ರಿಂಟರು ಬಾಯೇ ಬಿಡುತ್ತಿಲ್ಲ. ಬಾಯಿ ನಿನ್ನ ಕಸುಬಲ್ಲವೆ?’
ಹೌದು, ನಾನು ಹಲ್ಲಿನ ಸೆಟ್ಟು ಕಟ್ಟುವವಳು.
ಅವನ ಕೆಳದವಡೆ ನನ್ನ ಕೈಕೆಲಸವೇ.

ಶೆಡ್ಡಿನೊಳಗೆ ಜೋಳದ ಧೂಳು, ಪುಕ್ಕ, ಸೀಮೆಎಣ್ಣೆ ವಾಸನೆ.
ಮೇಜಿನ ಮೇಲೆ ನಲವತ್ತು ವರ್ಷದ ಬಿಬಿಸಿ ಮೈಕ್ರೋ,
ಮೇಲ್ಸಾಲಿನ ಕೆಂಪು ಗುಂಡಿಗಳು ಬೆರಳು ತಾಗಿ ತಾಗಿ ಸವೆದಿವೆ.
ಹಳೆಯ ಪ್ರಿಂಟರು ಹೊಗೆಯಾಗಿ ಹೋಯಿತಂತೆ.
ಈಗಿರುವುದು ಯಾರದೋ ಅಟ್ಟದಿಂದ ಇಳಿದ ಸೀರಿಯಲ್ಲು:
ಎಂಟು ಜನ ಕೈಹಿಡಿದು ಬರುವ ಹಾಗಿಲ್ಲ ಇಲ್ಲಿ,
ಹಳ್ಳದ ಸಂಕ ದಾಟುವಂತೆ ಒಬ್ಬರ ಹಿಂದೆ ಒಬ್ಬರು.

ಮೊದಲು ಪ್ಲಗ್ಗು. ಐದು ಕಡ್ಡಿ, ಗುಂಡು ಮುಖ,
ತಲೆಕೆಳಗಾಗಿ ತೂರಿದರೂ ಒಳಗೆ ಹೋಗುತ್ತದೆ.
ದವಡೆಯಾಗಿದ್ದರೆ ಒಲ್ಲೆ ಅನ್ನುತ್ತಿತ್ತು, ರಕ್ತವಾದರೂ ಬರುತ್ತಿತ್ತು.
ಇದು ಸುಮ್ಮನೆ ಒಪ್ಪಿಕೊಂಡು ಕೂತಿದೆ.

ತಿರುಗಿಸಿದೆ. ಆಗಲೂ ಮೌನ.
ಬಿಚ್ಚಿ ನೋಡಿದರೆ, ಅಟ್ಲಿ ಮಾತಾಡುವ ತಂತಿಗೆ
ಮಾತಾಡುವ ತಂತಿಯನ್ನೇ ಬೆಸೆದಿದ್ದ.
‘ಎರಡೂ ಕೆಂಪಲ್ಲವೇ’ ಅಂದ.
ಇಬ್ಬರೂ ಒದರಿದರೆ ಕೇಳುವವರು ಯಾರು, ಮಾರಾಯ?
ಅಡ್ಡ ಹಾಕಿ ಬೆಸೆದೆ. ಸೀಸ ಕರಗಿ ಹೊಳೆದು ಮಂಕಾಯಿತು.
‘ಈಗ ಕಳಿಸು’ ಅನ್ನುವ ತಂತಿ ಎಲ್ಲೂ ಸೇರಿರಲೇ ಇಲ್ಲ,
ಅಪ್ಪಣೆಗೆ ಕಾದು ಬಾಗಿಲಲ್ಲೇ ನಿಂತಿತ್ತು ಇಡೀ ಪಟ್ಟಿ.

ಆಮೇಲೆ ಉಗುಳಿತು ನೋಡಿ:
ಕೊಕ್ಕೆ, ಚುಕ್ಕೆ, ಪೌಂಡಿನ ಗುರುತು, ಮತ್ತೆ ಕೊಕ್ಕೆ.
ಇದು ದ್ರುತದಲ್ಲಿ ಹೇಳಿದ್ದನ್ನು ಅದು ವಿಳಂಬದಲ್ಲಿ ಕೇಳುತ್ತಿದೆ.
ಪ್ರಿಂಟರಿನ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಸ್ವಿಚ್ಚುಗಳು,
ಹಲ್ಲು ಕೆರೆಯುವ ಸೂಜಿಯಿಂದ ಒಂದನ್ನು ಮೇಲೆತ್ತಿದೆ.
ಸಾವಿರದ ಇನ್ನೂರು, ಇಬ್ಬರಿಗೂ ಒಂದೇ ತಾಳ.

ಬಂತು! ಇಂಗ್ಲಿಷೇ ಬಂತು. ಆದರೆ ಎಲ್ಲ
ಒಂದೇ ಸಾಲಿನಲ್ಲಿ, ಒಂದರ ಮೇಲೊಂದು,
ಒತ್ತಕ್ಷರಕ್ಕೆ ಒತ್ತಕ್ಷರ, ಅದಕ್ಕೂ ಒತ್ತು,
ಕೊನೆಗೆ ಕಾಗದ ಹರಿಯುವಷ್ಟು ಕಪ್ಪು.
ಹತ್ತನೇ ಸಂಕೇತ ಕಂಡರೆ ಈ ಯಂತ್ರ ನುಂಗಿಬಿಡುತ್ತದೆ,
ಹತ್ತು ಅಂದರೆ ‘ಕೆಳಗಿಳಿ’.
ನಕ್ಷತ್ರದ ಗುರುತು, ಎಫ್ ಎಕ್ಸ್ ಆರು, ಅಲ್ಪವಿರಾಮ, ಸೊನ್ನೆ.
ನುಂಗಬೇಡ ಅಂತ ಹೇಳಿಕೊಟ್ಟೆ.

ಐವತ್ತಮೂರು ಸಾಲು ಇಳಿಯಿತು ಆಗ, ಕಿರ್ರೋ ಕಿರ್ರೋ ಅಂತ,
ಕಾಲುಂಗುರದ ನಂಬರು, ಬಣ್ಣ, ಗೂಡು ಮುಟ್ಟಿದ ಗಳಿಗೆ.
ಫ್ರಾನ್ಸಿನಿಂದ ಕಡಲು ದಾಟಿ ಬಂದವು.
ಕೊನೆಯ ಸಾಲಿನಲ್ಲಿ ನಂಬರಿದೆ, ‘ಬೂದಿ, ಹೆಣ್ಣು’ ಎಂದಿದೆ,
ಗಳಿಗೆಯ ಜಾಗ ಬಿಳಿ.

ಅಟ್ಲಿ ಅದನ್ನು ಓದಲಿಲ್ಲ. ಬಾಯಿಪಾಠವಿತ್ತೇನೋ.
ಕಸದ ಡಬ್ಬಿಗೆ ಕೈಹಾಕಿ ಆ ಕೆಟ್ಟ ಹಾಳೆ ಎತ್ತಿಕೊಂಡ,
ಅಷ್ಟೂ ಹಕ್ಕಿ ಒಂದೇ ಕೋಲಿಗೆ ಒತ್ತಿ ಕೂತ ಕಪ್ಪು ಸಾಲು.
ಯಾವುದು ಬಂದಿಲ್ಲ ಅಂತ ಅದರಲ್ಲಿ ಹೇಳಲಾಗದು.

‘ಇದನ್ನು ಮತ್ತೊಮ್ಮೆ ಹೀಗೇ ಮಾಡಲು ಬರುತ್ತದೆಯೆ?’
‘ಬರುತ್ತದೆ. ನಾನು ಸರಿಮಾಡಿದ್ದನ್ನು ಕೆಡಿಸಿದರಾಯಿತು.’
ದವಡೆ ಕಳಚಿ ಜೇಬಿಗಿಟ್ಟು ನಕ್ಕ.
ನನ್ನ ಚಹಾದ ಮೇಲೆ ಒಂದು ಪುಕ್ಕ,
ಬೂದಿ ಬಣ್ಣದ್ದಲ್ಲ.