ಕಣ್ಣಿಟ್ಟಿರು

ಪ್ರೆಶೊವ್ ಊರಿನ ಗ್ರಂಥಾಲಯದ ನೆಲಮಾಳಿಗೆ,
ಗುರುವಾರ ಸಂಜೆ ಐದೂವರೆ.
ಬಾಗಿಲಿಗೆ ಅಂಟಿಸಿದ ಕಾಗದ: ಹೆಣಿಗೆ ಕೂಟ, ಎಲ್ಲರಿಗೂ ಸ್ವಾಗತ.
ಟೇಪು ಒಂದು ಮೂಲೆಯಲ್ಲಿ ಎದ್ದಿತ್ತು.

ಎಲ್ಲರಿಗೂ ಅಂದರೆ ಎಷ್ಟು ಜನಕ್ಕೆ ಎಂದು
ಎರಡು ಗುರುವಾರ ಹೊರಗೇ ನಿಂತು ಲೆಕ್ಕ ಹಾಕಿದೆ.
ಮೂರನೆಯದಕ್ಕೆ ಕಾಲು ಮರಗಟ್ಟಿತು; ಒಳಗೆ ಹೋದೆ.

ಹನ್ನೊಂದು ಹೆಂಗಸರು, ಹನ್ನೊಂದು ಉಣ್ಣೆಯುಂಡೆ.
ಯಾರೂ ಕೆಟ್ಟ ಮಾತಾಡಲಿಲ್ಲ. ನಕ್ಕರು ಕೂಡ.
ಆದರೆ ನೆಲದ ಮೇಲಿದ್ದ ಚೀಲಗಳು
ಒಂದೊಂದಾಗಿ ಮೇಲೆದ್ದು
ಮಡಿಲಿಗೆ ಹೋಗಿ ಕೂತವು,
ಗುರುತಿಲ್ಲದವರು ಬಂದಾಗ ಮಕ್ಕಳು ಕೂರುವ ಹಾಗೆ.
ಪಾಪ, ಕೈ ಏನು ಮಾಡುತ್ತಿದೆಯೆಂದು
ಅವರಿಗೇ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು.

ನಾನು ರೋಮಾ. ಹೆಸರು ಗಿಜೆಲಾ.
ಅಂಗಡಿಗೆ ಹೋದರೆ ಕಾವಲುಗಾರ
ಹಿಟ್ಟಿನ ಸಾಲಿನಿಂದ ಸೋಪಿನ ಸಾಲಿನವರೆಗೆ
ನನ್ನ ಮೇಲೆ ಕಣ್ಣಿಟ್ಟು ಬರುತ್ತಾನೆ.
ನಲವತ್ತಾರು ವರ್ಷದಲ್ಲಿ ಇಷ್ಟು ಕಲಿತಿದ್ದೇನೆ:
ಎಷ್ಟೇ ಚಳಿಯಿರಲಿ, ಕೈ ಕೋಟಿನ ಜೇಬಿಗೆ ಹೋಗಬಾರದು;
ಒಂದು ಗುಂಡಿ ಕೊಂಡರೂ ರಸೀದಿ ಇಸಿದುಕೊಳ್ಳಬೇಕು;
ಯಾರ ಪರ್ಸನ್ನೂ ದಿಟ್ಟಿಸಬಾರದು,
ಅದು ಬಿದ್ದು ಉರುಳುತ್ತಿದ್ದರೂ.

ಅಲ್ಲೂ ಹಾಗೇ ಕೂತೆ.
ಕೈಗಳು ಮೇಜಿನ ಮೇಲೆ,
ಕಣ್ಣು ಹೆಣಿಗೆಯ ಕಣ್ಣುಗಳ ಮೇಲೆ.

ಚಳಿಗಾಲದ ನಡುವೆ ಒಮ್ಮೆ ಡೊರೊತಾ
ಕತ್ತರಿ ಸಿಗಲಿಲ್ಲವೆಂದು ಒಂದು ನಗೆಮಾತು ಹೇಳಿದಳು.
ನಮ್ಮವರ ಮೇಲಿನದು. ನಾಲ್ಕನೇ ತರಗತಿಯಿಂದ ಕೇಳಿದ್ದೇ.
ಇಬ್ಬರು ನಕ್ಕರು. ಒಬ್ಬಳು ಅರ್ಧ ನಕ್ಕು ನಿಲ್ಲಿಸಿದಳು.
ನಾನು ಎಣಿಸಿದೆ: ಹದಿನೇಳು, ಹದಿನೆಂಟು, ಹತ್ತೊಂಬತ್ತು—
ಒಂದು ಕಣ್ಣು ತಪ್ಪಿತು.

ಆಗ ಒಟೀಲಿಯಾ, ಎಂಬತ್ತರ ಮುದುಕಿ,
ಯಾವತ್ತೂ ಬೂದು ಕಾಲುಚೀಲವನ್ನೇ ಹೆಣೆಯುವವಳು,
ತಲೆ ಎತ್ತದೆ ಅಂದಳು:
"ಅದು ಈ ಮೇಜಿನ ಮೇಲೆ ಬೇಡ, ಡೊರೊತಾ."
ಅಷ್ಟೇ. ಬ್ರೆಡ್ಡಿನ ಚೂರು ಬಿದ್ದಿದೆ, ಒರೆಸು ಅನ್ನುವ ದನಿ.
ನನ್ನ ಕಡೆ ನೋಡಲಿಲ್ಲ. ನನ್ನ ಬೆನ್ನು ತಟ್ಟಲಿಲ್ಲ.
ಅದಕ್ಕೆ ಇವತ್ತಿಗೂ ಋಣಿ.
ಹನ್ನೊಂದು ಮುಖ ಒಟ್ಟಿಗೆ ನನ್ನತ್ತ ಮರುಗಿ ತಿರುಗಿದ್ದರೆ
ನಾನು ಮತ್ತೆ ಬರುತ್ತಿರಲಿಲ್ಲ.
ಡೊರೊತಾ ಕೆಂಪಾದಳು.
ಕತ್ತರಿ ಅವಳ ತೊಡೆಯ ಕೆಳಗೇ ಇತ್ತು.

ಮಾರ್ಚ್. ತೊರಿಸಾ ನದಿಯ ಮೇಲಿನ ಗಡ್ಡೆ ಒಡೆದ ವಾರ.
ಉಳಿದವರು ಹೋಗಿಯಾಗಿತ್ತು, ನಾವಿಬ್ಬರೇ.
ಡೊರೊತಾಳ ಫೋನು ಹೊಡೆದುಕೊಂಡಿತು.
ನೆಲಮಾಳಿಗೆಯಲ್ಲಿ ಮಾತು ಅರ್ಧಕ್ಕೇ ಕಡಿಯುತ್ತದೆ;
ಮೆಟ್ಟಿಲು ಹತ್ತುತ್ತ ತಿರುಗಿ ಅಂದಳು:
"ಗಿಜೆಲಾ, ಚೀಲದ ಮೇಲೊಂದಿಷ್ಟು ಕಣ್ಣಿಟ್ಟಿರು."

ಬಾಯಿ ತೆರೆದ ಚೀಲ. ಪರ್ಸು, ಬೀಗದ ಕೈ,
ಕಾಗದದಲ್ಲಿ ಸುತ್ತಿದ ಅರ್ಧ ತಿಂದ ಸೇಬು.
ಪಶ್ಚಾತ್ತಾಪವೋ, ಮರೆವೋ, ಬರೀ ಅವಸರವೋ,
ನಾನು ಕೇಳಲಿಲ್ಲ. ಈಗಲೂ ಕೇಳಿಲ್ಲ.

ಕಣ್ಣಿಟ್ಟಿದ್ದಾಳೆ ಎಂದೇ ನನ್ನ ತಾಯಿಯನ್ನು
ಸಂತೆಯಿಂದ ಅಟ್ಟಿದ್ದರು ಒಮ್ಮೆ.
ಅದೇ ಮಾತು,
ಅಂಗಿಯ ಒಳಮೈ ತಿರುವಿ ತೊಟ್ಟ ಹಾಗೆ.

ಇಪ್ಪತ್ತು ನಿಮಿಷ ಕಾದೆ.
ಯಾರ ಭಯವೂ ಇಲ್ಲದೆ ಒಂದು ಪರ್ಸನ್ನು
ಮನಸಾರೆ ದಿಟ್ಟಿಸಿದ್ದು ಅದೇ ಮೊದಲು.
ಅವಳು ಬಂದು ಚೀಲ ಹೆಗಲಿಗೇರಿಸಿದಳು,
ಒಳಗೆ ಇಣುಕಲಿಲ್ಲ,
ಬಸ್ಸಿಗೆ ಹೊತ್ತಾಯಿತೆಂದು ಗೊಣಗಿದಳು.

ಎದ್ದು ನಿಂತಾಗ ಗೊತ್ತಾಯಿತು:
ನನ್ನ ಕೈಗಳೆರಡೂ ಅಷ್ಟು ಹೊತ್ತೂ
ಕೋಟಿನ ಜೇಬಿನಲ್ಲಿದ್ದವು,
ಬೆಚ್ಚಗೆ.