ನಾಲ್ಕು ಬೆರಳು ಜಾಗ

ಉದ್ಯಾವರದ ಗ್ಯಾರೇಜಿಗೆ ಅದು ಬಂದದ್ದು
ಸೇಬಿನ ಪೆಟ್ಟಿಗೆಗಳ ಜೊತೆ, ಲಾರಿಯ ಬೆನ್ನಲ್ಲಿ.
ಹಿಮಾಚಲದ ಯಾವುದೋ ತೋಟದ ಹರಾಜು ಮಾಲು,
ಬಾನೆಟ್ಟಿನ ಸಂದಿಯಲ್ಲಿ ಇನ್ನೂ ಒಣಹುಲ್ಲು,
ಈ ಕಡೆಯದಲ್ಲದ ಹುಲ್ಲು.

ಬೂಬ ಮರಕಾಲರಿಗೆ ಬೇಕಿದ್ದದ್ದು ಇಷ್ಟೇ:
ಮಳೆ ಹಿಡಿಯುವ ಮೊದಲು ದೋಣಿಗಳನ್ನು
ಮರಳಿನಿಂದ ಮೇಲಕ್ಕೆ ಎಳೆಯಬೇಕು.
"ಉಪ್ಪು ಮುಟ್ಟದ ಕಬ್ಬಿಣ ಬ್ಯಾರಿಗಳೇ,
ಒಂದು ಚುಕ್ಕೆ ತುಕ್ಕು ತೋರಿಸಿ ನೋಡುವ"
ಎಂದು ಮಡ್‌ಗಾರ್ಡಿಗೆ ಎರಡು ಸಲ ಬಡಿದರು.
ಸದ್ದು ಚೆನ್ನಾಗಿಯೇ ಬಂತು.

ರೇಡಿಯೇಟರಿಗೆ ನಾನು ನೀರು ಹೊಯ್ದೆ.
ಒಂದು ಕೊಡ. ಎರಡು ಕೊಡ.
ಮೂರನೆಯದಕ್ಕೆ ಬಾವಿಗೆ ಹೋಗಿ ಬರುವಾಗ
ಇದ್ದಿನಬ್ಬಣ್ಣ ಇಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು,
ಹೆಬ್ಬೆರಳು ಒಂದು ಗೆರೆಯ ಮೇಲೆ.
ಗೆರೆಯುದ್ದಕ್ಕೂ ಬ್ಲಾಕು ಬೆವರುತ್ತಿತ್ತು.

ಐವತ್ತು ವರ್ಷ ಅವರು ಕಂಡದ್ದು ಉಪ್ಪಿನ ಕಾಯಿಲೆ:
ಹೊರಗಿನಿಂದ ಒಳಕ್ಕೆ, ಹಪ್ಪಳ ಹಪ್ಪಳವಾಗಿ,
ಮೊದಲು ಬೋಲ್ಟಿನ ತಲೆ, ಆಮೇಲೆ ಬೋಲ್ಟು,
ಆಮೇಲೆ ಬೋಲ್ಟು ಇದ್ದ ತೂತು.
ಇದು ಬೇರೆ. ಗೆರೆಯ ತುಟಿ ಹೊರಕ್ಕೆ ಉಬ್ಬಿದೆ,
ಒಳಗಿನಿಂದ ಯಾರೋ ಬಾಗಿಲು ಒದ್ದ ಹಾಗೆ.
ಸಂಪು ಬಿಚ್ಚಿದರೆ ಎಣ್ಣೆಯಲ್ಲ,
ಹಾಲು ಜಾಸ್ತಿಯಾದ ಚಾ.

"ನೀರು ಗಟ್ಟಿಯಾದರೆ ಕಬ್ಬಿಣ ಒಡೆಯುತ್ತದಾ?"
ಕೇಳಿದ್ದು ನನ್ನನ್ನಲ್ಲ, ಗೆರೆಯನ್ನು.

ಉತ್ತರ ಕೊಟ್ಟವನು ಪಂಕ್ಚರ್ ಹಾಕಿಸಲು ನಿಂತಿದ್ದ ಸೇಸಪ್ಪ,
ಮಲ್ಪೆಯ ಐಸ್ ಪ್ಲಾಂಟಿನವ.
"ಕ್ಯಾನಿಗೆ ನೀರು ಬಿಡುವಾಗ
ಮೇಲೆ ನಾಲ್ಕು ಬೆರಳು ಜಾಗ ಬಿಡ್ತೇವೆ ಮಾರಾಯ್ರೆ.
ಗಟ್ಟಿಯಾಗುವಾಗ ಅದಕ್ಕೂ ಮೈ ಚಾಚ್ಲಿಕ್ಕೆ ಬೇಕಲ್ಲ."
ಕೈ ಎತ್ತಿ ತೋರಿಸಿದ.
ಐಸ್ ಪುಡಿ ಮಾಡುವ ಯಂತ್ರ ತಿಂದು ಬಿಟ್ಟದ್ದು
ಮೂರೂವರೆ.

ಆದರೂ ಹೊಲಿದು ನೋಡಿದೆವು.
ಗೆರೆಯ ಎರಡೂ ತುದಿಗೆ ತೂತು ಕೊರೆದು,
ತೆಂಗಿನ ಗೆರಟೆಯ ಕೆಂಡದಲ್ಲಿ ಬ್ಲಾಕು ಕಾಯಿಸಿ,
ನಿಕ್ಕಲ್ ರಾಡಿನಲ್ಲಿ ಒಂದಿಂಚು, ನಿಲ್ಲು,
ಸುತ್ತಿಗೆಯಲ್ಲಿ ಮೆಲ್ಲ ತಟ್ಟು, ಮತ್ತೊಂದಿಂಚು.
ಬೂದಿ ಮುಚ್ಚಿದೆವು. ಆ ದಿನ ಫ್ಯಾನು ಹಾಕಲಿಲ್ಲ,
ಬಾಣಂತಿ ಕೋಣೆಯಲ್ಲಿ ಹೇಗೋ ಹಾಗೆ.
ಎರಡನೇ ರಾತ್ರಿ ಒಂದೇ ಒಂದು ಸದ್ದು, ಟಣ್,
ಸ್ಟೀಲು ಚಮಚ ನೆಲಕ್ಕೆ ಬಿದ್ದಷ್ಟು.
ಬೂದಿ ಸರಿಸಿದರೆ ಹೊಲಿಗೆ ಗಟ್ಟಿಯಾಗಿಯೇ ಇತ್ತು.
ಅದರ ಪಕ್ಕದಲ್ಲಿ ಹೊಸ ಗೆರೆ.

ಆಮೇಲೆ ಬಿಚ್ಚುವ ಕೆಲಸ.
ಗೇರ್‌ಬಾಕ್ಸು ಗೋಣಿ ಸುತ್ತಿಕೊಂಡು ಹಿರಿಯಡ್ಕಕ್ಕೆ ಹೋಯಿತು,
ಡೈನಮೊ ಬೆಂಗ್ರೆಗೆ.
ದೊಡ್ಡ ಟಯರು ಎರಡನ್ನೂ ಮರಕಾಲರೇ ಒಯ್ದರು,
ದಕ್ಕೆಗೆ ದೋಣಿ ಉಜ್ಜದಿರಲಿ ಎಂದು.
ಸ್ಟೀರಿಂಗನ್ನು ಯಾರೂ ಕೇಳಲಿಲ್ಲ.
ಸೀಟಿನಡಿಯ ಪೆಟ್ಟಿಗೆಯಲ್ಲಿ ಉಣ್ಣೆಯ ಕೈಗವಸು,
ಒಂದೇ, ಎಡಗೈಯದ್ದು.
ಮೇ ತಿಂಗಳ ಸೆಕೆಯಲ್ಲಿ ಇದ್ದಿನಬ್ಬಣ್ಣ ಅದನ್ನು ತೊಟ್ಟು
ಬೆರಳು ಮಡಚಿ, ಬಿಡಿಸಿ,
ಏನೂ ಹೇಳದೆ ಕಳಚಿ ಇಟ್ಟರು.

ಕೊನೆಗೆ ಉಳಿದದ್ದು ಬ್ಲಾಕಿನ ಬುಡದ ಹಿತ್ತಾಳೆ ನಲ್ಲಿ,
ನೀರು ಖಾಲಿ ಮಾಡುವುದು.
ಜಾಮ್ ಆಗಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ,
ಪಾನಾ ತಂದೆ, ಡೀಸೆಲ್ ಬಿಟ್ಟು ನೆನೆಹಾಕಿದೆ.
ಬೇಕಾಗಲೇ ಇಲ್ಲ.
ಅವರು ಎರಡು ಬೆರಳಲ್ಲಿ ಹಿಡಿದರು,
ಅರ್ಧ ಸುತ್ತು.
ಬೆಣ್ಣೆಯ ಹಾಗೆ ತಿರುಗಿತು.

ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:
"ಆ ದಿನ ಅವನಿಗೆ ಎಂತದೋ ಅವಸರ ಇದ್ದಿರಬೇಕು.
ಮನೆಯಲ್ಲಿ ಮಕ್ಕಳಿಗೆ ಜ್ವರವೋ ಏನೋ."
ಕಾಣದ ಊರಿನ ಕಾಣದ ಒಬ್ಬನ ಪರವಾಗಿ.

ಬ್ಲಾಕು ಗುಜರಿಯ ತಕ್ಕಡಿ ಏರಿತು.
ಮರಕಾಲರಿಗೆ ದುಡ್ಡು ಎಣಿಸಿ ಕೊಟ್ಟು ಚಾ ತರಿಸಿದೆವು,
ಅವರು ಕುಡಿಯದೆ ಎದ್ದರು.

ನಲ್ಲಿ ನನ್ನ ಮೇಜಿನ ಖಾನೆಯಲ್ಲಿದೆ.
ಕೆಲವು ಸಂಜೆ ಶಟರ್ ಎಳೆಯುವ ಮೊದಲು
ತೆಗೆದು, ಅರ್ಧ ಸುತ್ತು ತಿರುಗಿಸಿ,
ತೆರೆದೇ ಇಟ್ಟು ಮನೆಗೆ ಹೋಗುತ್ತೇನೆ.