ಬೆಸ

ಕಾವಿಗೆ ಬಂದದ್ದು ಜುಲೇಖಾಬಿಯ ಕೋಳಿ,
ಮೊಟ್ಟೆ ನನ್ನವು.
ಬಾಣಾವರದ ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲಿ
ನಮ್ಮಿಬ್ಬರ ನಡುವೆ ಮೊಣಕಾಲೆತ್ತರದ ಗೋಡೆ.
ಮಾತು ದಾಟುತ್ತೆ, ಸಾರಿನ ಬಟ್ಟಲು ದಾಟುತ್ತೆ,
ಕೋಳಿಗಂತೂ ಅದು ಗೋಡೆಯೇ ಅಲ್ಲ.

"ಬೆಸ ಇಡು," ಅಂದಳು. "ಹದಿಮೂರು.
ಸಮ ಇಟ್ಟರೆ ಕೂರೋದಿಲ್ಲ ನನ್ನ ಕೆಂಪಿ."
ಕೋಳಿಗೆ ಲೆಕ್ಕ ಬರುತ್ತಾ ಅಂತ ನಕ್ಕೆ.
"ನಿನ್ನ ಗಂಡನಿಗಿಂತ ಚೆನ್ನಾಗಿ."
ಎದ್ದ ಮರಿಗಳಲ್ಲಿ ಅರ್ಧ ನಿನಗೆ, ಅರ್ಧ ನನಗೆ.
ಹದಿಮೂರರಲ್ಲಿ ಅರ್ಧ ಎಷ್ಟೆಂದು
ಆಗ ಇಬ್ಬರೂ ಕೇಳಿಕೊಳ್ಳಲಿಲ್ಲ.

ತೂತು ಬಿದ್ದ ಬಾಂಡ್ಲಿ. ತಳಕ್ಕೆ ಮರಳು, ಮೇಲೆ ರಾಗಿ ಹುಲ್ಲು,
ಹುಲ್ಲಿನೊಳಗೆ ಹೇನು ಹತ್ತದಿರಲೆಂದು ಲಕ್ಕಿ ಸೊಪ್ಪು,
ಗುಡುಗಿಗೆಂದು ಒಂದು ತುಂಡು ಕಬ್ಬಿಣ:
ನನ್ನವರು ಹಳಿ ಕೆಲಸದಿಂದ ತಂದ ತುಕ್ಕು ಬೋಲ್ಟು.
ರಾತ್ರಿ ಹನ್ನೊಂದೂವರೆಯ ಗಾಡಿ ಹೋಗುವಾಗ
ಅಡಿಗೆಮನೆಯ ಲೋಟಗಳೆಲ್ಲ ಹಲ್ಲು ಕಡಿಯುತ್ತವೆ.
ಕೆಂಪಿ ಕಣ್ಣು ಕೂಡ ಮಿಟುಕಿಸಲಿಲ್ಲ.

ಏಳನೇ ರಾತ್ರಿ ಟಾರ್ಚಿನ ಬಾಯಿಗೆ ಹಿಡಿದು ನೋಡಿದೆವು.
ಒಳಗೆ ಕೆಂಪು ನೂಲು, ನೂಲಿನ ನಡುವೆ ಚುಕ್ಕಿ,
ಚುಕ್ಕಿ ಅಲುಗಿತು.
ಜುಲೇಖಾಬಿ ಏನೋ ಪಿಸುಗುಟ್ಟಿದಳು,
ದೇವರಿಗೋ, ಮೊಟ್ಟೆಗೋ.
ಒಂದರಲ್ಲಿ ಮಾತ್ರ ನೂಲಿಲ್ಲ, ಬರೀ ಬೆಳಕು.
ತೆಗೆದುಬಿಡೋಣ ಅಂದೆ.
"ಇರಲಿ ಬಿಡು. ಬೆಸ ಕೆಡುತ್ತೆ."

ಇಪ್ಪತ್ತೊಂದಕ್ಕೆ ಹನ್ನೆರಡು ಚಿಪ್ಪು ಒಡೆದವು.
ಉಳಿದದ್ದನ್ನು ನುಗ್ಗೆ ಬುಡದಲ್ಲಿ ಹೂತು
ಕೈ ತೊಳೆದುಕೊಂಡೆವು, ಎರಡು ಸಲ.

ಮರಿಗಳಿಗೆ ಗೆದ್ದಲು.
ಬಾಯಿ ಒಡೆದ ಮಡಿಕೆಗೆ ಒಣ ಸಗಣಿ, ಹಳೇ ಗೋಣಿ, ಜೋಳದ ದಂಟು ತುಂಬಿ
ನೀರು ಚಿಮುಕಿಸಿ ಸಂಜೆ ಹುತ್ತದ ಬದಿಗೆ ಬೋರಲು ಹಾಕಿದರೆ
ಬೆಳಗ್ಗೆ ಮಡಿಕೆ ತುಂಬ ಬಿಳಿ ಗಲಿಬಿಲಿ.
ಕೊಡವಿದರೆ ಹನ್ನೆರಡು ಕೊಕ್ಕು, ಒಂದೇ ಟಕಟಕ.
ನೀರಿಗೆ ಚಿಟಿಕೆ ಅರಿಶಿನ, ಸಣ್ಣಗೆ ಕೊಚ್ಚಿದ ಈರುಳ್ಳಿ,
ಮೈಗೆ ಒಲೆಯ ಬೂದಿ.
ಬೂದಿಗುಂಡಿಯಲ್ಲಿ ಕೆಂಪಿ ಹೊರಳುವುದನ್ನು ನೋಡಿದರೆ
ನನಗೂ ಒಂದು ಸಲ ಹೊರಳಬೇಕೆನಿಸುತ್ತದೆ.
ಕೊಕ್ಕರೆ ರೋಗಕ್ಕೆ ಮಾತ್ರ ಅರಿಶಿನ ನಂಬಲಿಲ್ಲ;
ಮಂಕರಿಯಲ್ಲಿ ಹೊತ್ತು ದನದಾಸ್ಪತ್ರೆಗೆ ಹೋಗಿ
ಹನ್ನೆರಡಕ್ಕೂ ಕಣ್ಣಿಗೆ ಹನಿ ಹಾಕಿಸಿದೆವು.

ಚೀಲದ ತಿಂಡಿ ಮಾರುವ ಹುಡುಗ ಅರಸೀಕೆರೆಯಿಂದ ಬಂದ.
"ನಲವತ್ತು ದಿನಕ್ಕೆ ಎರಡು ಕೇಜಿ ಅಕ್ಕಾ, ಬರೆದುಕೊಡ್ತೀನಿ."
ನಲವತ್ತು ದಿನಕ್ಕೆ ನಮ್ಮ ಮರಿ
ಹದ್ದಿನ ನೆರಳು ಬೇರೆ, ಕಾಗೆ ನೆರಳು ಬೇರೆ ಅಂತ ಕಲಿಯುತ್ತಪ್ಪಾ
ಅಂದೆ, ಜಂಬದಿಂದ.

ಜಂಬ ಮೇಲಕ್ಕೆ ಕೇಳಿಸಿತೇನೋ.
ಮೂವತ್ತನೆಯ ದಿನ, ಮಟಮಟ ಮಧ್ಯಾಹ್ನ,
ಕೆಂಪಿ ಕೂಗಿದ ಕೂಗಿಗೆ ಹನ್ನೊಂದು ರೆಕ್ಕೆಯಡಿ.
ಒಂದು ಮೇಲೆ, ತೆಂಗಿನ ಗರಿಗಳಾಚೆ,
ಇನ್ನೂ ಕೀಚುತ್ತ.

ಗೋಡೆಯ ಮೇಲೆ ಕೂತೆವು, ಆಚೆಗೊಂದು ಕಾಲು ಈಚೆಗೊಂದು ಕಾಲು.
ಭಾಗ ಇನ್ನೂ ಮಾಡಿರಲಿಲ್ಲ.
ಹೋದದ್ದು ನನ್ನದು ಅಂದೆ, ಮೊಟ್ಟೆ ನನ್ನದಲ್ಲವಾ.
"ನನ್ನದು," ಅಂದಳು, "ಕಾವು ನನ್ನದಲ್ಲವಾ."
ಜೋರಾಯಿತು.
ಗೂಡ್ಸು ಗಾಡಿಯೊಂದು ಬಂದು, ಮುಗಿಯದೆ ಮುಗಿಯದೆ,
ಇಬ್ಬರ ಬಾಯಿಯನ್ನೂ ಮುಚ್ಚಿಸಿ ಹೋಯಿತು.
ಆಮೇಲೆ ಅವಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.
"ಹನ್ನೊಂದು. ಬೆಸ."
ನಾನು ಬುಟ್ಟಿ ಮುಚ್ಚಿದೆ, ಅವಳು ಕಲ್ಲು ಹೇರಿದಳು.

ಭಾಗ ದೀಪಾವಳಿ ಕಳೆಯಲಿ ಅಂದೆವು, ಕಳೆಯಿತು.
ರಂಜಾನ್ ಬರಲಿ ಅನ್ನುತ್ತಿದ್ದೇವೆ.
ಇವತ್ತು ಬೆಳಗ್ಗೆ ಹ್ಯಾಟೆಯೊಂದು ಮೊದಲ ಮೊಟ್ಟೆ ಇಟ್ಟಿದೆ,
ಪುಟ್ಟದು, ತುದಿಗೆ ನೆತ್ತರ ಗೀರು,
ಗೋಡೆಯ ಬುಡದಲ್ಲಿ.
ಯಾವ ಬದಿಗೆ ಎಂದು ನಾನು ಹೇಳುವುದಿಲ್ಲ.